ಹಿಮದ ನಾಡಿನ ಕಿಟ್‌ಗೆ ಮಲೆನಾಡಿನ ಸೂರು

ನನ್ನ ಪುಟ್ಟ ಮಾದರಿ ರೈಲಿಗೆ ಮಲೆನಾಡಿನ ಮೀಟರ್‌ಗೇಜ್ ನಿಲ್ದಾಣದ ಕಿಟ್, ಅಂದರೆ ಜೋಡಿಸಿ ಕಟ್ಟುವ ಬಿಡಿಭಾಗಗಳ ಪೆಟ್ಟಿಗೆ, ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಜರ್ಮನಿಯ ಹಳ್ಳಿ ನಿಲ್ದಾಣದ ಪ್ಲಾಸ್ಟಿಕ್ ಕಿಟ್. ಎಚ್‌ಓ ಅಳತೆಯದು, ಅಂದರೆ ನಿಜವಾದ ಕಟ್ಟಡದ 87ರಲ್ಲಿ ಒಂದು ಪಾಲು. ನನ್ನ ಲೇಔಟ್, ಅಂದರೆ ಹಲಗೆಯ ಮೇಲೆ ಹಳಿ ಹಾಸಿ ಕಟ್ಟಿದ ಪುಟ್ಟ ರೈಲು ಲೋಕ, ಶಿವಮೊಗ್ಗ–ತಾಳಗುಪ್ಪ ಕಡೆಯ ಹಳೇ ಮೀಟರ್‌ಗೇಜ್ ಕಾಲದ್ದು, ಹಳಿಗಳ ನಡುವೆ 12 ಮಿ.ಮೀ. ಅಂತರ. ಊರಿನ ಹೆಸರು ಮಾತ್ರ ನನ್ನ ಕಲ್ಪನೆ.

ಇಂಥ ಕಿಟ್‌ಗೆ ಹಳದಿ ಸುಣ್ಣದ ಬಣ್ಣ ಬಳಿದು, ಕನ್ನಡದ ಬೋರ್ಡು ಹಾಕಿದರೆ ನಮ್ಮೂರಿನದಾಗುತ್ತೆ ಅಂತ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಲ್ಲಿನ ಮನೆ ಹಿಮಕ್ಕೆ ಅಂತ ಕಟ್ಟಿದ್ದು. ಮಾಡು ಕಡಿದಾಗಿರುತ್ತೆ, ಸೂರು ಗಿಡ್ಡ, ಮೇಲೊಂದು ಹೊಗೆಗೂಡು. ನಮ್ಮದು ಮಳೆಗೆ ಕಟ್ಟಿದ್ದು. ತಗ್ಗಿದ ಮಾಡು, ಮುಂದಕ್ಕೆ ಚಾಚಿದ ಸೂರು, ಎತ್ತರದ ತಳಪಾಯ. ಈ ಮೂರು ಸರಿಯಾದರೆ ಬಣ್ಣ ಹಚ್ಚುವ ಮೊದಲೇ ಕಟ್ಟಡ ಮಲೆನಾಡಿನದು ಅನ್ನಿಸುತ್ತೆ.

ಅಳತೆಗೆ ಅದೇ ಮಾರ್ಗದ ಅರಸಾಳಿನ ಹಳೇ ನಿಲ್ದಾಣ ತುಂಬಾ ಸಹಾಯಕ್ಕೆ ಬಂತು. ಮೀಟರ್‌ಗೇಜ್ ಕಾಲದ ಆ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಹಾಗಾಗಿ ಆರಾಮಾಗಿ ಸುತ್ತು ಹಾಕಿ ಫೋಟೋ ತೆಗೆಯಬಹುದು. ಟೇಪು ಹಿಡಿಯಲಾಗದ ಕಡೆ ಹೆಂಚಿನ ಸಾಲು ಎಣಿಸಿ. ಮಂಗಳೂರು ಹೆಂಚನ್ನು ಕೂರಿಸುವ ರೀಪುಗಳ ನಡುವೆ ಸುಮಾರು 32 ಸೆಂ.ಮೀ. ಇರುತ್ತೆ. ಫೋಟೋದಲ್ಲಿ 12 ಸಾಲು ಕಂಡರೆ ಆ ಇಳಿಜಾರು ಹೆಚ್ಚುಕಡಿಮೆ 3.8 ಮೀಟರ್. ನಮ್ಮ ಅಳತೆಗೆ 44 ಮಿ.ಮೀ.

ಈಗ ಮಾಡಿನ ವಿಷಯ. ನನ್ನ ಕಿಟ್‌ನ ಅಗಲ 70 ಮಿ.ಮೀ., ಮಾಡಿನ ಇಳಿಜಾರು 45 ಡಿಗ್ರಿ. ಅಂದರೆ ಪಕ್ಕದ ತ್ರಿಕೋನ ಗೋಡೆಯ ಎತ್ತರ 35 ಮಿ.ಮೀ. ಅದನ್ನು 30 ಡಿಗ್ರಿಗೆ ಇಳಿಸಿದರೆ ಎತ್ತರ 20 ಮಿ.ಮೀ. ಸಾಕು. ಇಲ್ಲೇ ಒಂದು ಲಾಭ ಇದೆ. ಗೋಡೆಯಿಂದ ಮೇಲ್ತುದಿಯವರೆಗಿನ ಇಳಿಜಾರು ಮೊದಲು 49.5 ಮಿ.ಮೀ. ಇತ್ತು, ಈಗ 40.4 ಸಾಕು. ಮಾಡಿನ ಹಲಗೆಯನ್ನು ಕತ್ತರಿಸಬೇಡಿ. ಉಳಿದ 9 ಮಿ.ಮೀ. ತಾನಾಗಿ ಕೆಳಗೆ ಚಾಚಿಕೊಳ್ಳುತ್ತೆ. ನಿಜದ ಅಳತೆಯಲ್ಲಿ ಅದು ಎರಡೂವರೆ ಅಡಿಗಿಂತ ಸ್ವಲ್ಪ ಜಾಸ್ತಿ. ಕಿಟ್‌ನಲ್ಲಿ ಮೊದಲೇ ಇದ್ದ ಚಿಕ್ಕ ಸೂರಿಗೆ ಇದು ಸೇರಿದರೆ ಮಳೆ ನೀರು ಗೋಡೆಯಿಂದ ದೂರ ಬೀಳುವಂಥ ಸೂರು ಸಿಕ್ಕಿತು. ಲೆಕ್ಕ ಹಾಕಿ ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ತ್ರಿಕೋನವನ್ನು ಒಂದೇ ಸಲಕ್ಕೆ ಕತ್ತರಿಸಬೇಡಿ. ಗೆರೆ ಎಳೆದು, ಸ್ಟೀಲ್ ಸ್ಕೇಲ್ ಹಿಡಿದು, ಬ್ಲೇಡಿನಿಂದ ಮೆಲ್ಲಗೆ ಹಲವು ಸಲ ಗೀರಿ. ಆಮೇಲೆ ಬಗ್ಗಿಸಿದರೆ ಗೆರೆಯಗುಂಟ ಮುರಿಯುತ್ತೆ. ಎರಡು ಹಲಗೆ ಸೇರುವ ಮೇಲಂಚನ್ನು ಅರದಿಂದ ಉಜ್ಜಬೇಕು. ಮೊದಲು ಅಲ್ಲಿ 90 ಡಿಗ್ರಿ ಮೂಲೆ ಇತ್ತು, ಈಗ 120 ಆಗಿದೆ. ಹೊಗೆಗೂಡಿನ ತೂತನ್ನು ಪುಟ್ಟಿ ತುಂಬಿ ಮುಚ್ಚಿದೆ.

ಕಿಟ್ ಕೊಳ್ಳುವಾಗಲೇ ಹೆಂಚಿನ ಅಚ್ಚನ್ನು ನೋಡಿ. ಮೀನಿನ ಪೊರೆಯಂಥ ದುಂಡು ಹೆಂಚು ಬೇಡ. ಒಂದಕ್ಕೊಂದು ಕೊಂಡಿಯಾಗಿ ಕೂರುವ ಚೌಕಾಕಾರದ ಹೆಂಚಿದ್ದರೆ ತೆಗೆದುಕೊಳ್ಳಿ. ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು. ಯುರೋಪಿನ ಕೊಂಡಿ ಹೆಂಚಿಗೂ ನಮ್ಮ ಹೆಂಚಿಗೂ ಹತ್ತಿರದ ನಂಟು. ಹಾಗಾಗಿ ಆ ಅಚ್ಚು ಇಲ್ಲಿ ಪರಕೀಯ ಅನ್ನಿಸುವುದಿಲ್ಲ.

ಮಾಡಿನಲ್ಲಿ ಒಂದು ಗಾಜಿನ ಹೆಂಚು ಇರಲೇಬೇಕು, ಅಲ್ವಾ? ಒಂದು ಹೆಂಚಿನಷ್ಟು ಜಾಗ ಕೊರೆದು ತೆಗೆದು, ಪಾರದರ್ಶಕ ಪ್ಲಾಸ್ಟಿಕ್ ಚೂರು ಕೂರಿಸಿದೆ. ಇದಕ್ಕೆ ಫೆವಿಕಾಲ್ ಸಾಕು. ಸೂಪರ್ ಗ್ಲೂ ಹಾಕಿದರೆ ಅದರ ಆವಿಗೆ ಪ್ಲಾಸ್ಟಿಕ್ ಬೆಳ್ಳಗೆ ಮಂಜಾಗುತ್ತೆ. ಒಳಗೆ ಎಲ್‌ಇಡಿ ಹಾಕುವವರು ಗೋಡೆಯ ಒಳಬದಿಗೆ ಮೊದಲು ಕಪ್ಪು ಬಣ್ಣ ಹಚ್ಚಿ. ಇಲ್ಲದಿದ್ದರೆ ಗೋಡೆಯೇ ಲಾಟೀನಿನ ಹಾಗೆ ಹೊಳೆಯುತ್ತೆ.

ಕಿಟಕಿಯ ಮರದ ಬಾಗಿಲುಗಳನ್ನು ಕೈಬಿಟ್ಟೆ, ನಮಗೆ ಬೇಕಿರುವುದು ಸರಳು. ಮನೆಗೆ ಹಾಕುವ ಮೆತ್ತನೆಯ ಕರೆಂಟ್ ವೈರಿನ ಒಳಗಿನ ತಾಮ್ರದ ಎಳೆ 0.2 ಮಿ.ಮೀ. ಇರುತ್ತೆ. 87ರಿಂದ ಗುಣಿಸಿದರೆ 17 ಮಿ.ಮೀ. ದಪ್ಪದ ಸರಳು, ಅಷ್ಟು ಬೇಕಾದ್ದೇ. ಎಳೆಯ ಒಂದು ತುದಿಯನ್ನು ವೈಸ್‌ನಲ್ಲಿ ಕಚ್ಚಿಸಿ, ಇನ್ನೊಂದು ತುದಿಯನ್ನು ಇಕ್ಕಳದಿಂದ ಹಿಡಿದು ಮೆಲ್ಲಗೆ ಎಳೆಯಿರಿ. ಕೈಗೆ ಅದು ಸ್ವಲ್ಪ ಹಿಗ್ಗಿದ್ದು ಗೊತ್ತಾಗುತ್ತೆ. ಆಗ ದಾರದಷ್ಟು ನೇರ ಆಗಿರುತ್ತೆ. ಕತ್ತರಿಸಿ ಚೌಕಟ್ಟಿನ ಹಿಂದೆ ಅಂಟಿಸಿದರೆ ಆಯಿತು. ಗಾಜು ಬೇಡ.

ಜಗಲಿಯ ಕಂಬಗಳಿಗೆ ಊದುಬತ್ತಿ ಕಡ್ಡಿ ಹಾಕಿದೆ. ತಳಪಾಯಕ್ಕೆ ಒಂದು ಮಿ.ಮೀ. ದಪ್ಪದ ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಿಂದ 7 ಮಿ.ಮೀ. ಎತ್ತರದ ಪೆಟ್ಟಿಗೆ, ಅಂದರೆ ಎರಡಡಿ. ಅದರ ಬದಿಗೆ ಜಂಬಿಟ್ಟಿಗೆಯ ಗೆರೆ ಕೊರೆದೆ. ಒಂದೊಂದು ಕಲ್ಲು 4 ಮಿ.ಮೀ. ಉದ್ದ, 2 ಮಿ.ಮೀ. ಎತ್ತರ. ತಂತಿ ಬ್ರಶ್ ಒತ್ತಿದರೆ ಜಂಬಿಟ್ಟಿಗೆಯ ತೂತುಗಳು ಬರುತ್ತವೆ.

ಬಣ್ಣದಲ್ಲೂ ಮಳೆಯೇ ಮುಖ್ಯ. ಹೆಂಚಿಗೆ ಮೊದಲು ಮಂಕಾದ ಇಟ್ಟಿಗೆ ಬಣ್ಣ. ಮೇಲೆ ಅಲ್ಲೊಂದು ಇಲ್ಲೊಂದು ಹೆಂಚಿಗೆ ಕಿತ್ತಳೆ, ಅಂದರೆ ಇತ್ತೀಚೆಗೆ ಬದಲಾಯಿಸಿದ ಹೆಂಚು. ಆಮೇಲೆ ತುಂಬಾ ನೀರಾದ ಕಪ್ಪು, ಮೇಲಿನಿಂದ ಕೆಳಕ್ಕೆ ಮಾತ್ರ. ಮರದ ನೆರಳು ಬೀಳುವ ಬದಿಗೆ ಪಾಚಿಯ ಹಸಿರು. ಸೂರಿನ ನೀರು ನೆಲಕ್ಕೆ ಬಿದ್ದು ಕೆಮ್ಮಣ್ಣು ತಳಪಾಯದ ಬದಿಗೆ ಸಿಡಿಯುತ್ತದಲ್ಲ, ಆ ಕಲೆ ಸುಮಾರು 5 ಮಿ.ಮೀ. ಎತ್ತರಕ್ಕೆ ಬೇಕು. ನಾನು ಮಲೆನಾಡಿನದೇ ಮಣ್ಣನ್ನು ಒಣಗಿಸಿ, ಬಟ್ಟೆಯಲ್ಲಿ ಜರಡಿ ಹಿಡಿದು, ಒಣ ಬ್ರಶ್ಶಿನಿಂದ ಉಜ್ಜಿದೆ. ಡಬ್ಬಿಯ ಬಣ್ಣದಲ್ಲಿ ಆ ಕೆಂಪು ಬರುವುದಿಲ್ಲ. ಸ್ಪ್ರೇ ಕೆಲಸವನ್ನು ಮಾತ್ರ ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ. ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬಿಳಿ ಪೊರೆ ಕೂರುತ್ತೆ.

ಉಳಿದದ್ದು ಚಿಕ್ಕಪುಟ್ಟ ಸಾಮಾನು. ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ, ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೆಸರು, ಕೆಳಗೆ ಸಮುದ್ರಮಟ್ಟದಿಂದ ಎತ್ತರ. ಬೆಂಕಿ ಆರಿಸುವ ಕೆಂಪು ಬಕೆಟ್ಟುಗಳು. ಜಗಲಿಯಲ್ಲಿ ಗಂಟೆಯ ಬದಲು ತೂಗುಹಾಕುವ ಹಳಿ ತುಂಡು. ಅದಕ್ಕೆ ಲೇಔಟ್ ಹಳಿಯಲ್ಲಿ ಉಳಿದ ಚೂರನ್ನೇ ಬಳಸಿದೆ.

ಕಟ್ಟಡವನ್ನು ಲೇಔಟ್‌ಗೆ ಅಂಟಿಸಿಲ್ಲ. ತಳಪಾಯದ ಪೆಟ್ಟಿಗೆಯ ಒಳಗೆ ನಟ್ಟು ಕೂರಿಸಿ, ಹಲಗೆಯ ಕೆಳಗಿನಿಂದ ಎರಡು ಸ್ಕ್ರೂ ಹಾಕಿದ್ದೇನೆ. ಎಲ್‌ಇಡಿ ಹೋದರೆ ಸ್ಕ್ರೂ ಬಿಚ್ಚಿ ಇಡೀ ನಿಲ್ದಾಣವನ್ನು ಎತ್ತಿಕೊಳ್ಳಬಹುದು.