ತೆಳು ಟ್ಯಾಬ್ಲೆಟ್ ಗಟ್ಟಿಯೋ ಟೊಳ್ಳೋ: ಸ್ಕೇಲು, ಕಾಗದ ಹಿಡಿದು ನೋಡಿ

ಅಂಗಡಿಯಲ್ಲಿ ತೆಳು ಟ್ಯಾಬ್ಲೆಟ್ ಕೈಗೆ ಸಿಕ್ಕ ಕೂಡಲೇ ಬಹಳಷ್ಟು ಮಂದಿ ಎರಡು ತುದಿ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡುತ್ತಾರೆ. ಇದರಿಂದ ಏನೂ ತಿಳಿಯುವುದಿಲ್ಲ. ಕೈ ಎಷ್ಟು ಬಲ ಹಾಕಿತು ಎಂಬ ಲೆಕ್ಕ ಯಾರಿಗೂ ಸಿಗದು. ಬಗ್ಗಿ ಮೊದಲಿನಂತಾದರೆ ಅದು ಗಟ್ಟಿ ಎಂದೇನೂ ಅಲ್ಲ, ಆಗದಿದ್ದರೆ ಕೆಡಿಸಿದವರು ನೀವೇ. ಟ್ಯಾಬ್ಲೆಟ್ ಮುರಿಯುವ ವಿಡಿಯೊಗಳ ಕಥೆಯೂ ಇಷ್ಟೇ. ಎಲ್ಲಿ ಮುರಿಯಿತು ಎಂಬುದನ್ನು ಮಾತ್ರ ಅವುಗಳಿಂದ ಕಲಿಯಬಹುದು, ಎಷ್ಟು ಸುಲಭವಾಗಿ ಮುರಿಯಿತು ಎಂಬುದನ್ನಲ್ಲ.

ಮೊದಲು ತೆಳು, ಹಗುರ ಎಂಬ ಎರಡು ಗುಣಗಳನ್ನು ಬೇರೆ ಮಾಡಿಕೊಳ್ಳಿ. ಜಾಹೀರಾತು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ, ಬೈಯುವವರೂ ಹಾಗೆಯೇ ಬೈಯುತ್ತಾರೆ. ಹಗುರವಾಗಿರುವುದು ಬಾಳಿಕೆಗೆ ಒಳ್ಳೆಯದೇ. 2010ರ ಮೊದಲ ಐಪ್ಯಾಡ್ 680 ಗ್ರಾಂ ಇತ್ತು. ಅದು ಒಂದು ಮೀಟರ್ ಎತ್ತರದಿಂದ ಬಿದ್ದರೆ ನೆಲಕ್ಕೆ ಅಪ್ಪಳಿಸುವ ಶಕ್ತಿ ಸುಮಾರು 6.7 ಜೂಲ್. 2024ರ 11 ಇಂಚಿನ ಐಪ್ಯಾಡ್ ಪ್ರೊ 444 ಗ್ರಾಂ ಇರುವುದರಿಂದ ಅಷ್ಟೇ ಎತ್ತರಕ್ಕೆ ಸುಮಾರು 4.4 ಜೂಲ್. ಪೆಟ್ಟು ಅಷ್ಟು ಕಡಿಮೆ. ತೊಂದರೆ ಇರುವುದು ತೆಳುವಿನಲ್ಲಿ. ಒಂದೇ ಲೋಹದ ಗಟ್ಟಿ ಹಲಗೆಯನ್ನು ತೆಗೆದುಕೊಂಡರೆ, ಬಾಗದೆ ನಿಲ್ಲುವ ಅದರ ಬಿಗಿತನ ದಪ್ಪದ ಘನದ (ದಪ್ಪ × ದಪ್ಪ × ದಪ್ಪ) ಲೆಕ್ಕದಲ್ಲಿ ಇಳಿಯುತ್ತದೆ. 5.9 ಮಿ.ಮೀ. ಇದ್ದದ್ದು 5.1ಕ್ಕೆ ಇಳಿದರೆ ಸುಮಾರು ಶೇ 35ರಷ್ಟು ಬಿಗಿತನ ಹೋಯಿತು. ಟ್ಯಾಬ್ಲೆಟ್ ಒಳಗೆ ಟೊಳ್ಳು ಪೆಟ್ಟಿಗೆಯಾದ್ದರಿಂದ ನಷ್ಟ ನಿಖರವಾಗಿ ಇಷ್ಟೇ ಇರುವುದಿಲ್ಲ. ಒಳಗೆ ಪಟ್ಟಿ, ಏಣು ಕೊಟ್ಟು ಕಳೆದುಕೊಂಡದ್ದನ್ನು ಒಂದಷ್ಟು ಮರಳಿ ಪಡೆಯುತ್ತಾರೆ. 5.1 ಮಿ.ಮೀ. ದಪ್ಪದ 2024ರ 13 ಇಂಚಿನ ಐಪ್ಯಾಡ್ ಪ್ರೊದಲ್ಲಿ ನಡುವಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಹಾಕಿದ ಲೋಹದ ಏಣು ಇದೇ ಕೆಲಸಕ್ಕೆ. ಹಾಗಾಗಿ ದಪ್ಪದ ಅಂಕಿ ನೋಡಿದ ಕೂಡಲೇ ತೀರ್ಪು ಕೊಡಬೇಡಿ, ಒಂದೊಂದಾಗಿ ನೋಡುತ್ತಾ ಹೋಗಿ.

1. ಉದ್ದವನ್ನು ದಪ್ಪದಿಂದ ಭಾಗಿಸಿ

ಕಂಪನಿಯ ಜಾಲತಾಣದಲ್ಲಿ ಅಳತೆಗಳು ಸಿಗುತ್ತವೆ. ಉದ್ದದ ಬದಿಯನ್ನು ದಪ್ಪದಿಂದ ಭಾಗಿಸಿ. ಮೊದಲ ಐಪ್ಯಾಡಿಗೆ 242.8 ಭಾಗ 13.4, ಅಂದರೆ 18. 2013ರ ಐಪ್ಯಾಡ್ ಏರ್‌ಗೆ 32. 2024ರ 13 ಇಂಚಿನ ಐಪ್ಯಾಡ್ ಪ್ರೊಗೆ 55. 14.6 ಇಂಚಿನ ಗ್ಯಾಲಕ್ಸಿ ಟ್ಯಾಬ್ ಎಸ್9 ಅಲ್ಟ್ರಾಗೆ 59. ಕಾರ್ಖಾನೆ, ಗೋದಾಮಿನ ಒರಟು ಕೆಲಸಕ್ಕೆಂದೇ ಮಾಡಿದ ಗ್ಯಾಲಕ್ಸಿ ಟ್ಯಾಬ್ ಆ್ಯಕ್ಟಿವ್5ಕ್ಕೆ 21. ಒಂದೇ ದಪ್ಪವಾದರೂ ಉದ್ದ ಹೆಚ್ಚಿದಂತೆ ಬಾಗುವುದು ಸುಲಭ. ಆದ್ದರಿಂದ ದಪ್ಪವನ್ನಷ್ಟೇ ನೋಡುವುದಕ್ಕಿಂತ ಈ ಸಂಖ್ಯೆ ಹೆಚ್ಚು ಹೇಳುತ್ತದೆ. ಇದು ಕೈಲೆಕ್ಕವೇ ಹೊರತು ಪ್ರಮಾಣಪತ್ರವಲ್ಲ. 35ರೊಳಗಿದ್ದರೆ ನಿಶ್ಚಿಂತೆ. 35ರಿಂದ 50 ಇದ್ದರೆ ಬೆನ್ನು ಗಟ್ಟಿ ಇರುವ ಕವರ್ ಬೇಕು. 50 ದಾಟಿದರೆ ಕವರ್ ಜತೆಗೆ ಬ್ಯಾಗಿನಲ್ಲಿಡುವ ಶಿಸ್ತೂ ಬೇಕು. ಆ ಶಿಸ್ತು ನಿಮ್ಮದಲ್ಲ ಎನಿಸಿದರೆ ಚಿಕ್ಕ ಅಳತೆಯದನ್ನೇ ಕೊಳ್ಳಿ.

ಲೋಹದ ಬಗ್ಗೆ ಒಂದು ಮಾತು. ‘ವಿಮಾನ ದರ್ಜೆಯ ಅಲ್ಯೂಮಿನಿಯಂ’ ಎಂಬುದಕ್ಕೆ ಮಿಶ್ರಲೋಹದ ಸಂಖ್ಯೆ ಕೊಡದಿದ್ದರೆ ಅರ್ಥವಿಲ್ಲ. 6000 ಸರಣಿಯಿರಲಿ, 7000 ಸರಣಿಯಿರಲಿ, ಬಾಗುವಾಗಿನ ಬಿಗಿತನ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಬಾಗಿದ್ದು ಶಾಶ್ವತವಾಗಿ ಉಳಿಯುವ ಹಂತದಲ್ಲಿ. 6000 ಸರಣಿಯ 6061-ಟಿ6 ಸುಮಾರು 275 ಮೆಗಾಪಾಸ್ಕಲ್ (ಒತ್ತಡದ ಅಳತೆ) ಒತ್ತಡಕ್ಕೆ ಸೋತರೆ 7000 ಸರಣಿಯ 7075-ಟಿ6 ಸುಮಾರು 500ರವರೆಗೆ ತಡೆಯುತ್ತದೆ. ಪ್ಲಾಸ್ಟಿಕ್ ಬೆನ್ನು ಬಾಗಿದರೂ ಮತ್ತೆ ನೇರವಾಗುತ್ತದೆ, ನಿಜ. ಆದರೆ ಅದರ ಜತೆ ಗಾಜು, ಬ್ಯಾಟರಿಗಳೂ ಬಾಗಿರುತ್ತವೆ.

2. ಮೊಹರುಗಳನ್ನು ಓದಿ, ನಂಬುವುದು ಆಮೇಲೆ

ಐಪಿ68 ಎಂದರೆ ದೂಳು, ನೀರಿಗೆ ತಡೆ. ಬಾಗುವುದಕ್ಕೂ ಬೀಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಮಿಲಿಟರಿ ದರ್ಜೆ’ ಎಂದು ಬರೆಯುವ ಮಿಲ್-ಎಸ್‌ಟಿಡಿ-810ಎಚ್ ಒಂದು ಪರೀಕ್ಷಾ ವಿಧಾನಗಳ ಪಟ್ಟಿ. ಅದರಲ್ಲಿ ಯಾವುದನ್ನು ಮಾಡಬೇಕೆಂದು ಕಂಪನಿಯೇ ಆರಿಸಿಕೊಳ್ಳುತ್ತದೆ. ಬೀಳಿಸುವ ಪರೀಕ್ಷೆಯಲ್ಲಿ ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ ಸೇರಿ 26 ಬಾರಿ ಬೀಳಿಸುತ್ತಾರೆ. ಆ 26ನ್ನು ಐದು ಸಾಧನಗಳವರೆಗೆ ಹಂಚಿಕೊಳ್ಳಲು ಅವಕಾಶವಿದೆ. ಒಂದೇ ಟ್ಯಾಬ್ಲೆಟ್ ಎಲ್ಲವನ್ನೂ ತಡೆಯಿತೆಂದು ಭಾವಿಸಬೇಡಿ. ಎಷ್ಟು ಎತ್ತರ, ಯಾವ ನೆಲ ಎಂದು ಬರೆಯದ ಮೊಹರನ್ನು ಬಿಟ್ಟುಬಿಡಿ.

ಇವುಗಳಿಗಿಂತ ಉಪಯೋಗದ್ದು ಐರೋಪ್ಯ ಒಕ್ಕೂಟದ ಲೇಬಲ್. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಟ್ಯಾಬ್ಲೆಟ್‌ಗಳಿಗೆ ಬೀಳುವಿಕೆ ತಡೆಯುವ ದರ್ಜೆ, ರಿಪೇರಿ ದರ್ಜೆ, ಬ್ಯಾಟರಿಯ ಚಾರ್ಜ್ ಆವರ್ತಗಳ ಸಂಖ್ಯೆಯನ್ನು ನಮೂದಿಸುವುದು ಕಡ್ಡಾಯ. ದರ್ಜೆಗಳು ಎ ಇಂದ ಇ ವರೆಗೆ. ನೀವು ಎಲ್ಲೇ ಇರಿ, ‘ಎಪ್ರೆಲ್’ ಎಂಬ ಅವರ ಸಾರ್ವಜನಿಕ ದತ್ತಾಂಶದಲ್ಲಿ ಮಾದರಿಯ ಹೆಸರು ಹುಡುಕಬಹುದು. ಆದರೆ ಇಲ್ಲೂ ಬಾಗುವಿಕೆಗೆ ದರ್ಜೆ ಇಲ್ಲ.

3. ಅಂಗಡಿಯಲ್ಲಿ ಐದು ನಿಮಿಷ

ಗಾಜು ಮತ್ತು ಫ್ರೇಮ್ ಕೂಡುವ ಗೆರೆಯ ಮೇಲೆ ಉಗುರು ಆಡಿಸಿ, ಎಲ್ಲೂ ಸಿಕ್ಕಿಕೊಳ್ಳಬಾರದು. ಬೆನ್ನಿನ ನಡುವೆ ಒಂದೇ ಬೆರಳಿನಿಂದ ಹಗುರವಾಗಿ ಒತ್ತಿ. ಕಿರ್ರೆಂದರೆ ಅಥವಾ ಎಲ್‌ಸಿಡಿ ಪರದೆಯಲ್ಲಿ ನೀರಿನ ಅಲೆಯಂಥ ಕಲೆ ಮೂಡಿದರೆ ಒಳಗೆ ಆಸರೆ ಸಾಲದು ಎಂದರ್ಥ. ಓಎಲ್‌ಇಡಿಯಲ್ಲಿ ಅಲೆ ಕಾಣದು, ಅದರಿಂದ ಸಮಾಧಾನಪಡಬೇಡಿ. ಬಟನ್ ಗಲಗಲ ಎನ್ನಬಾರದು. ಯುಎಸ್‌ಬಿ-ಸಿ ಕೇಬಲ್ ಹಾಕಿ ಮೆಲ್ಲಗೆ ಅಲುಗಿಸಿ, ಚಾರ್ಜಿಂಗ್ ಚಿಹ್ನೆ ಹೋಗಿ ಬರಬಾರದು.

ದುರ್ಬಲ ಜಾಗಗಳನ್ನೂ ಗುರುತಿಸಿಕೊಳ್ಳಿ: ಉದ್ದದ ಬದಿಯ ನಡುಭಾಗದಲ್ಲಿ ಮೈಕಿನ ತೂತು, ಪೆನ್ ಅಂಟಿಸಿ ಚಾರ್ಜ್ ಮಾಡುವ ಪಟ್ಟಿ, ಸಿಮ್ ಟ್ರೇ, ಆಂಟೆನಾದ ಪ್ಲಾಸ್ಟಿಕ್ ಗೆರೆ. ಬಾಗಿಸುವ ಒತ್ತಡ ಅತಿ ಹೆಚ್ಚು ಬೀಳುವುದು ನಡುವೆಯೇ. ಅಲ್ಲೇ ಲೋಹ ಕೊರೆದಿದ್ದರೆ ಬಿರುಕು ಹೊರಡುವುದೂ ಅಲ್ಲಿಂದಲೇ.

4. ಡೊಂಕು ಅಳೆಯುವುದು

ಹೆಚ್ಚಿನವರು ಎಡವುವುದು ಇಲ್ಲಿ. ಟ್ಯಾಬ್ಲೆಟ್ಟನ್ನು ಮೇಜಿನ ಮೇಲಿಟ್ಟು, ಅಲುಗಾಡಿತು, ಆದ್ದರಿಂದ ಬಾಗಿದೆ ಎನ್ನುತ್ತಾರೆ. ಅಲುಗಿದ್ದು ಬೆನ್ನಿನ ಕ್ಯಾಮೆರಾ ಉಬ್ಬಿನಿಂದ ಇರಬಹುದು. ಮೇಜೇ ಸಮವಾಗಿಲ್ಲದಿರಬಹುದು. ಪೆಟ್ಟಿಗೆ ತೆರೆದ ದಿನವೇ ಈ ಅಳತೆ ಮಾಡಿ. ವಾಪಸ್ ಮಾಡುವ ಗಡುವು ಮುಗಿದ ಮೇಲೆ ‘ಬಂದಾಗಲೇ ಹೀಗಿತ್ತು’ ಎಂದರೆ ಕೇಳುವವರಿಲ್ಲ.

ಬೇಕಾದದ್ದು 30 ಸೆಂ.ಮೀ. ಸ್ಟೀಲ್ ಸ್ಕೇಲ್, ಒಂದು ಟಾರ್ಚ್, 80 ಜಿಎಸ್‌ಎಂ ಜೆರಾಕ್ಸ್ ಕಾಗದದ ಎರಡು ಸೆಂ.ಮೀ. ಅಗಲದ ಪಟ್ಟಿಗಳು. ಈ ಕಾಗದ ಸುಮಾರು 0.1 ಮಿ.ಮೀ. ದಪ್ಪ. ಅಂದರೆ ನಾಲ್ಕು ಪಟ್ಟಿ ಒಟ್ಟಿಗೆ 0.4 ಮಿ.ಮೀ. ಮೆಕ್ಯಾನಿಕ್‌ಗಳು ವಾಲ್ವ್ ಸಂದು ಅಳೆಯಲು ಬಳಸುವ ಫೀಲರ್ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ ಸ್ಕೇಲ್ ಬೇಡ, ಅದೇ ಸೊಟ್ಟಗಿರುತ್ತದೆ. ಹನ್ನೊಂದು ಇಂಚು ಮತ್ತು ಮೇಲ್ಪಟ್ಟ ಟ್ಯಾಬ್ಲೆಟ್‌ನ ಕರ್ಣಕ್ಕೆ, ಹದಿನಾಲ್ಕು ಇಂಚಿನ ಮೇಲ್ಪಟ್ಟದ್ದರ ಉದ್ದದ ಬದಿಗೂ 30 ಸೆಂ.ಮೀ. ಸಾಲದು, 60ರದ್ದು ತೆಗೆದುಕೊಳ್ಳಿ. ಅಳೆಯುವ ಗೆರೆಗಿಂತ ಗಿಡ್ಡ ಸ್ಕೇಲ್ ಇಟ್ಟರೆ ಡೊಂಕಿನ ಒಂದು ಭಾಗ ಮಾತ್ರ ಕಾಣುತ್ತದೆ.

ಮೊದಲು ಸ್ಕೇಲನ್ನೇ ಪರೀಕ್ಷಿಸಿ. ಕನ್ನಡಿಯ ಗಾಜು ಬಹಳ ಸಮತಟ್ಟಾಗಿರುತ್ತದೆ. ಅದರ ಮೇಲೆ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು, ಕಣ್ಣನ್ನು ಕೆಳಗಿಳಿಸಿ ನೋಡಿ. ಬೆಳಕು ಎಲ್ಲೂ ತೂರಬಾರದು, ಸ್ಕೇಲ್ ತೂಗಾಡಬಾರದು.

ಟ್ಯಾಬ್ಲೆಟ್‌ನ ಕವರ್ ತೆಗೆಯಿರಿ. ಸ್ಕ್ರೀನ್ ಗಾರ್ಡ್ ಹಾಕಿದ್ದರೆ ಅದರ ಅಂಚಿನ ಮೆಟ್ಟಿಲೇ ಸುಮಾರು 0.3 ಮಿ.ಮೀ., ಅಳತೆ ಕೆಡುತ್ತದೆ. ಅಂಟಿಸುವ ಮೊದಲೇ ಈ ಕೆಲಸ ಮುಗಿಸಿ. ಚಾರ್ಜ್ ಆಗಿ ಬಿಸಿಯಿದ್ದರೆ ಆರಲಿ. ಗಾಜು ಒರೆಸಿ. ಸ್ಟೀಲಿಗಿಂತ ಗಾಜು ಗಟ್ಟಿ, ಆದರೆ ನಡುವೆ ಮರಳಿನ ಕಣ ಸಿಕ್ಕರೆ ಗೀರು ಖಚಿತ. ಮಡಿಚಿದ ಟವೆಲ್ ಮೇಲೆ ಪರದೆ ಮೇಲಾಗಿ ಮಲಗಿಸಿದರೆ ಕ್ಯಾಮೆರಾ ಉಬ್ಬು ಬಟ್ಟೆಯಲ್ಲಿ ಹುದುಗುತ್ತದೆ.

ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಆರು ಗೆರೆಗಳಲ್ಲಿ ನೋಡಬೇಕು: ಎರಡು ಉದ್ದದ ಬದಿ, ಎರಡು ಗಿಡ್ಡ ಬದಿ, ಎರಡು ಕರ್ಣ. ಒತ್ತಬೇಡಿ. ಒತ್ತಿದರೆ ಟ್ಯಾಬ್ಲೆಟ್ಟೇ ಬಗ್ಗಿ ಸ್ಕೇಲಿಗೆ ಹೊಂದಿಕೊಂಡು, ಇದ್ದ ಡೊಂಕೂ ಮಾಯವಾಗುತ್ತದೆ. ಎಳೆಯಲೂಬೇಡಿ, ಎತ್ತಿ ಎತ್ತಿ ಇಡಿ.

ನಡುವೆ ಬೆಳಕು ತೂರಿದರೆ ಅಲ್ಲಿ ತಗ್ಗು. ಕಾಗದದ ಪಟ್ಟಿಗಳನ್ನು ಒಂದೊಂದಾಗಿ ತೂರಿಸಿ, ಎಷ್ಟು ಹಾಳೆಗೆ ಬಿಗಿಯಾಯಿತು ಎಂದು ಎಣಿಸಿ. ಸ್ಕೇಲ್ ಎರಡೂ ಕಡೆ ತೂಗಿದರೆ ನಡುವೆ ಉಬ್ಬು. ಆಗ ಎರಡು ತುದಿಯ ಸಂದೂ ಸಮನಾಗುವಂತೆ ಸ್ಕೇಲನ್ನು ಹಿಡಿದು ಒಂದು ತುದಿಯಲ್ಲಿ ಅಳೆಯಬೇಕು. ಇದನ್ನು ಬಿಟ್ಟು ಒಂದು ತುದಿಯನ್ನು ಕೆಳಕ್ಕೆ ಅದುಮಿ ಇನ್ನೊಂದು ತುದಿಯಲ್ಲಿ ಅಳೆಯುವವರೇ ಹೆಚ್ಚು. ಹಾಗೆ ಅಳೆದರೆ ನಡುವೆ ಮುರಿದಂತೆ ಬಾಗಿದ್ದಾಗ ಎರಡು ಪಟ್ಟು, ಬಿಲ್ಲಿನಂತೆ ನಯವಾಗಿ ಬಾಗಿದ್ದಾಗ ನಾಲ್ಕು ಪಟ್ಟು ತೋರಿಸುತ್ತದೆ. 0.3 ಮಿ.ಮೀ.ನ ಮಾಮೂಲು ವ್ಯತ್ಯಾಸ 1.2 ಮಿ.ಮೀ. ಆಗಿ ಕಂಡು ಅಂಗಡಿಯಲ್ಲಿ ಜಗಳವಾಗುವುದು ಹೀಗೆ.

ಕರ್ಣಗಳನ್ನು ಬಿಡಬೇಡಿ. ಟ್ಯಾಬ್ಲೆಟ್ ತಿರುಚಿಕೊಂಡಿದ್ದರೆ ನಾಲ್ಕೂ ಬದಿ ನೇರವಾಗಿಯೇ ಕಾಣಬಹುದು. ಒಂದು ಕರ್ಣದಲ್ಲಿ ತಗ್ಗು, ಇನ್ನೊಂದರಲ್ಲಿ ಉಬ್ಬು ಕಂಡರೆ ಅದೇ ತಿರುಚು.

ಎಷ್ಟಿದ್ದರೆ ಒಪ್ಪಬಹುದು? 2018ರ ಐಪ್ಯಾಡ್ ಪ್ರೊ ಬಾಗಿ ಬರುತ್ತಿದೆ ಎಂಬ ದೂರು ಎದ್ದಾಗ, ಯಾವುದೇ ಬದಿಯ ಉದ್ದಕ್ಕೆ 400 ಮೈಕ್ರಾನ್‌ಗಿಂತ (0.4 ಮಿ.ಮೀ.) ಹೆಚ್ಚು ವ್ಯತ್ಯಾಸವನ್ನು ಒಪ್ಪುವುದಿಲ್ಲ ಎಂದು ಆಪಲ್ ತಿಳಿಸಿತ್ತು. ಅದು ನಮ್ಮ ನಾಲ್ಕು ಪಟ್ಟಿಗಳಷ್ಟೇ. ಬೇರೆ ಕಂಪನಿಯದಕ್ಕೂ ಇದನ್ನೇ ಗಡಿ ಎಂದಿಟ್ಟುಕೊಳ್ಳಿ. ಎರಡು ಪಟ್ಟಿಯೊಳಗಿದ್ದರೆ ಮರೆತುಬಿಡಿ. ನಾಲ್ಕು ಪಟ್ಟಿಯೂ ಸಲೀಸಾಗಿ ತೂರಿದರೆ ಸ್ಕೇಲ್, ಪಟ್ಟಿ ಎರಡೂ ಕಾಣುವಂತೆ ಫೋಟೊ ತೆಗೆದು ವಾಪಸ್ ಕೊಡಿ. ಇವೆರಡರ ನಡುವೆ, ಅಂದರೆ ಮೂರು ಪಟ್ಟಿ ಹಿಡಿದರೆ ಅಥವಾ ನಾಲ್ಕನೆಯದು ಬಿಗಿಯಾಗಿ ಹೋದರೆ, ಅಳತೆ ಬರೆದಿಟ್ಟುಕೊಂಡು ತಿಂಗಳ ನಂತರ ಮತ್ತೆ ನೋಡಿ. ಹೆಚ್ಚುತ್ತಿದ್ದರೆ ಮಾತ್ರ ಚಿಂತೆ.

ಡೊಂಕಿನ ಆಕಾರವೂ ಕಾರಣ ಹೇಳುತ್ತದೆ. ಮೈಕಿನ ತೂತಿನ ಬಳಿ ಅಥವಾ ಪೆನ್ ಪಟ್ಟಿಯ ಬಳಿ ಮುರಿದಂತೆ ಬಾಗಿದ್ದರೆ ಯಾವಾಗಲೋ ಒಂದೇ ಸಲ ಜೋರಾದ ಒತ್ತಡ ಬಿದ್ದಿದೆ. ಫ್ರೇಮಿನ ಅಂಚು ನೇರವಿದ್ದು ಪರದೆ ಅಥವಾ ಬೆನ್ನಿನಲ್ಲಿ ಮಾತ್ರ ದಿಬ್ಬ ಇದ್ದರೆ ಅದು ಬಾಗಿದ್ದಲ್ಲ, ಬ್ಯಾಟರಿ ಊದಿಕೊಂಡಿರುವುದು. ಅದರ ಮಾತು ಕೊನೆಯಲ್ಲಿದೆ.

ಬಾಗಿದ್ದನ್ನು ಮೊಣಕಾಲಿನ ಮೇಲಿಟ್ಟು ನೇರ ಮಾಡಲು ಹೋಗಲೇಬೇಡಿ. ಒಮ್ಮೆ ಬಾಗಿದ ಅಲ್ಯೂಮಿನಿಯಂ ಆ ಜಾಗದಲ್ಲಿ ಪೆಡಸಾಗಿರುತ್ತದೆ, ತಿರುಗಿ ಒತ್ತಿದಾಗ ಪಕ್ಕದಲ್ಲಿ ಹೊಸ ಡೊಂಕು ಹುಟ್ಟುತ್ತದೆ. ಈ ರಿಪೇರಿಯಲ್ಲಿ ಗಾಜು ಒಡೆಯಬಹುದು, ಬ್ಯಾಟರಿಯ ಪದರಗಳು ಒಂದಕ್ಕೊಂದು ತಾಕಬಹುದು.

5. ಕವರ್

ಆಯಸ್ಕಾಂತದಿಂದ ಅಂಟುವ ತೆಳು ಮಡಿಕೆ ಕವರ್ ಗೀರು ತಪ್ಪಿಸುತ್ತದೆ, ಬಾಗುವುದನ್ನಲ್ಲ. ಬೆನ್ನಿಗೆ ಗಟ್ಟಿ ಹಲಗೆ, ಮೂಲೆಗೆ ಮೆತ್ತನೆ ರಬ್ಬರ್, ಪರದೆಗಿಂತ ಕನಿಷ್ಠ ಒಂದು ಮಿ.ಮೀ. ಎತ್ತರದ ಅಂಚು ಇರುವುದನ್ನೇ ಕೊಳ್ಳಿ. ತೆಳು ಟ್ಯಾಬ್ಲೆಟ್‌ಗೆ ದಪ್ಪ ಕವರ್ ಹಾಕಿದರೆ ಕೊಂಡ ಉದ್ದೇಶವೇ ಹೋಯಿತಲ್ಲ ಎನ್ನುವವರಿದ್ದಾರೆ. ಮನೆಯಲ್ಲಿ ತೆಗೆದಿಡಿ, ಹೊರಗೆ ಹಾಕಿ, ಅಷ್ಟೇ.

ಸ್ಕ್ರೀನ್ ಗಾರ್ಡ್ ಡಬ್ಬಿಯ ಮೇಲಿನ ‘9ಎಚ್’ ನೋಡಿ ಮೋಸಹೋಗಬೇಡಿ. ಅದು ಪೆನ್ಸಿಲ್ ಗೀಚಿ ನೋಡುವ ಪರೀಕ್ಷೆಯ ಅಂಕ. ಮರಳು ಪೆನ್ಸಿಲ್ಲಿಗಿಂತ ಗಟ್ಟಿ.

6. ಬ್ಯಾಗಿನಲ್ಲಿಡುವ ಕ್ರಮ

ಟ್ಯಾಬ್ಲೆಟ್ ಬಾಗಲು ಮೂರು ಬಿಂದುಗಳಲ್ಲಿ ಒತ್ತಡ ಬೇಕು: ಎರಡು ತುದಿ ಒಂದು ಕಡೆಯಿಂದ, ನಡುವೆ ಒಂದು ಗಡ್ಡೆ ಇನ್ನೊಂದು ಕಡೆಯಿಂದ. ಆ ಗಡ್ಡೆ ಸಾಮಾನ್ಯವಾಗಿ ಚಾರ್ಜರ್, ಮೌಸ್ ಅಥವಾ ನೀರಿನ ಬಾಟಲಿ. ಅವನ್ನು ಬೇರೆ ಖಾನೆಗೆ ಹಾಕಿ. ಟ್ಯಾಬ್ಲೆಟ್ಟನ್ನು ಲ್ಯಾಪ್‌ಟಾಪ್ ಅಥವಾ ಗಟ್ಟಿ ರಟ್ಟಿನ ಪುಸ್ತಕಕ್ಕೆ ಪರದೆ ತಾಗುವಂತೆ ನಿಲ್ಲಿಸಿ. ಬ್ಯಾಗ್ ಹೊತ್ತು ಗೋಡೆಗೆ ಒರಗಬೇಡಿ, ಹಾಸಿಗೆಯ ಮೇಲೆ ಹೊದಿಕೆಯಡಿ ಬಿಡಬೇಡಿ.

7. ಬ್ಯಾಟರಿ ಊದಿದರೆ

ತೆಳು ಬಾಡಿಯಲ್ಲಿ ಬ್ಯಾಟರಿಯ ಚೀಲಕ್ಕೂ ಪರದೆಗೂ ನಡುವೆ ಜಾಗ ಬಹಳ ಕಡಿಮೆ. ಸ್ವಲ್ಪ ಊದಿದರೂ ಪರದೆಯನ್ನು ಎತ್ತುತ್ತದೆ. ಊದಿಸುವುದು ಶಾಖ ಮತ್ತು ಸದಾ ಭರ್ತಿ ಚಾರ್ಜ್. ಸೆಟ್ಟಿಂಗ್ಸ್‌ನಲ್ಲಿ ಶೇ 80ರ ಮಿತಿ ಇದ್ದರೆ ಹಾಕಿ. ದಪ್ಪ ಕವರ್ ಸಮೇತ ಚಾರ್ಜಿಗಿಟ್ಟು ಗೇಮ್ ಆಡುವುದು ಅತಿ ಕೆಟ್ಟ ಅಭ್ಯಾಸ.

ಪರದೆಯ ಒಂದು ಬದಿ ಫ್ರೇಮಿನಿಂದ ಮೇಲೆದ್ದರೆ, ಸಂದಿನಿಂದ ಬೆಳಕು ಸೋರಿದರೆ, ಕೂಡಲೇ ಚಾರ್ಜರ್ ತೆಗೆದು ಸ್ವಿಚ್ ಆಫ್ ಮಾಡಿ. ಎದ್ದ ಪರದೆಯನ್ನು ಒತ್ತಿ ಕೂರಿಸಬೇಡಿ, ಮೇಲೆ ಭಾರ ಇಡಬೇಡಿ, ಚುಚ್ಚಬೇಡಿ. ಬೆಂಕಿ ಹಿಡಿಯುವ ವಸ್ತುಗಳಿಂದ ದೂರ, ಕಲ್ಲು ಅಥವಾ ಟೈಲ್ಸ್ ನೆಲದ ಮೇಲಿಟ್ಟು ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ಊದಿದ ಬ್ಯಾಟರಿ ಎಂದು ಮೊದಲೇ ಹೇಳಿ. ಕೊರಿಯರ್‌ನಲ್ಲಿ ಕಳಿಸಬೇಡಿ. ಬ್ಯಾಟರಿ ಬದಲಿಸುವಾಗ ಅಂಟು ಸಡಿಲಿಸಲು ಪರದೆಯನ್ನು ಬಿಸಿ ಮಾಡಿ ಬಿಡಿಸಬೇಕಾದೀತು. ಗಾಜು, ಡಿಸ್‌ಪ್ಲೇ ಎರಡೂ ಬೆಸೆದಿರುವ ಮಾದರಿಯಾದರೆ ಆ ಹೊತ್ತಿನಲ್ಲಿ ಒಂದು ಬಿರುಕು ಬಿದ್ದರೂ ಇಡೀ ಜೋಡಣೆಯನ್ನೇ ಬದಲಿಸಬೇಕು. ಹಾಗಾದಾಗ ಅದರ ಖರ್ಚು ಯಾರದು ಎಂಬುದನ್ನು ಟ್ಯಾಬ್ಲೆಟ್ ಕೊಡುವ ಮೊದಲೇ ರಸೀದಿಯಲ್ಲಿ ಬರೆಸಿಕೊಳ್ಳಿ.