ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಸೆಡಾನ್: ಮುಂಗಡ ಕೊಡುವ ಮೊದಲು ಬ್ಯಾಟರಿಯ ಲೆಕ್ಕ ನೀವೇ ಹಾಕಿ

ಹಳೇ ಐಷಾರಾಮಿ ಎಲೆಕ್ಟ್ರಿಕ್ ಸೆಡಾನ್ ನೋಡಲು ಹೋದವರು ಏನು ಮಾಡುತ್ತಾರೆ ಅಂತ ಸಾಕಷ್ಟು ಸಲ ನೋಡಿದ್ದೇನೆ. ಸೀಟಿನಲ್ಲಿ ಕೂರುತ್ತಾರೆ, ದೊಡ್ಡ ಸ್ಕ್ರೀನ್ ಮುಟ್ಟಿ ನೋಡುತ್ತಾರೆ, ಎರಡು ಕಿಲೋಮೀಟರ್ ಜೋರಾಗಿ ಓಡಿಸುತ್ತಾರೆ. ಅಷ್ಟಕ್ಕೇ ಮನಸ್ಸು ಸೋತು ಮುಂಗಡ ಕೊಟ್ಟುಬಿಡುತ್ತಾರೆ. ಕಾರಿನ ಬೆಲೆ ಅರ್ಧಕ್ಕೆ ಇಳಿದಿರಬಹುದು, ಆದರೆ ಅದರ ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. ಅದು ಗೊತ್ತಾಗುವುದು ಮೊದಲ ರಿಪೇರಿಯ ದಿನ.

ಮೊದಲು ಕಾಗದಪತ್ರ. ಬಹುತೇಕ ಕಂಪನಿಗಳು ಬ್ಯಾಟರಿಗೆ 8 ವರ್ಷ ವಾರಂಟಿ ಕೊಡುತ್ತವೆ. ಜೊತೆಗೆ ಕಿಲೋಮೀಟರ್ ಮಿತಿಯೂ ಇರುತ್ತದೆ, 1,60,000 ಸಾಮಾನ್ಯ. ಈ 8 ವರ್ಷ ಶುರುವಾಗುವುದು ಮೊದಲ ಮಾಲೀಕರಿಗೆ ಕಾರು ಸಿಕ್ಕ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಕೀಗಳನ್ನೆಲ್ಲಾ ಇಸಿದುಕೊಳ್ಳಿ. ಹಳೆಯ ಮಾಲೀಕರ ಆ್ಯಪ್ ಖಾತೆಯಿಂದ ಕಾರನ್ನು ನಿಮ್ಮೆದುರೇ ತೆಗೆಸಿ. ಒಮ್ಮೆಯಾದರೂ ನೀರಿನಲ್ಲಿ ಮುಳುಗಿದ ಕಾರಾದರೆ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಈಗ ಬ್ಯಾಟರಿ. ಎಲ್ಲರೂ ತಪ್ಪುವುದು ಇಲ್ಲೇ. ಫುಲ್ ಚಾರ್ಜ್‌ಗೆ ಇಷ್ಟು ಕಿಲೋಮೀಟರ್ ಅಂತ ಸ್ಕ್ರೀನ್ ತೋರಿಸುವ ಸಂಖ್ಯೆಯನ್ನು ನಂಬಬೇಡಿ. ಅದು ಬರೀ ಅಂದಾಜು. ಕಾರು ಹೇಗೆ ಓಡಿದೆ, ಹೇಗೆ ಚಾರ್ಜ್ ಆಗಿದೆ ಅನ್ನುವುದರ ಮೇಲೆ ಅದು ಏರುತ್ತದೆ, ಇಳಿಯುತ್ತದೆ. ಲೆಕ್ಕವನ್ನು ನೀವೇ ಹಾಕಬೇಕು, ಅದಕ್ಕೆ ಅರ್ಧ ದಿನ ಬೇಕು.

ಹಿಂದಿನ ದಿನವೇ ಮಾರುವವರಿಗೆ ಹೇಳಿ, 90% ಚಾರ್ಜ್ ಮಾಡಿ ರಾತ್ರಿಯಿಡೀ ಕದಲಿಸದೆ ನಿಲ್ಲಿಸಲಿ. ಬೆಳಿಗ್ಗೆ ಹೋಗಿ, ಓಡಿದ ದೂರ ಮತ್ತು ಖರ್ಚಾದ ಕರೆಂಟು ತೋರಿಸುವ ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಆಮೇಲೆ 20% ಆಗುವ ತನಕ ಓಡಿಸಿ. ನಡುವೆ ಎಲ್ಲೂ ಎಸಿ ಹಾಕಿಕೊಂಡು ಸುಮ್ನೆ ನಿಲ್ಲಬೇಡಿ. ಕೆಲವು ಕಾರುಗಳಲ್ಲಿ ನಿಂತಾಗ ಖರ್ಚಾದ ಕರೆಂಟು ಟ್ರಿಪ್ ಮೀಟರಿಗೆ ಸೇರುವುದಿಲ್ಲ, ಲೆಕ್ಕ ತಪ್ಪುತ್ತದೆ. 70% ಖರ್ಚಾದಾಗ ಮೀಟರ್ 49 ಯೂನಿಟ್, ಅಂದರೆ 49 ಕಿಲೋವ್ಯಾಟ್ ಅವರ್ ತೋರಿಸಿತು ಅನ್ನಿ. 49ನ್ನು 0.7ರಿಂದ ಭಾಗಿಸಿದರೆ 70. ಈ ಬ್ಯಾಟರಿಯಲ್ಲಿ ಈಗ ಇರುವುದು ಅಷ್ಟೇ. ಇದನ್ನು ಡಿಕ್ಕಿಯ ಮೇಲೆ ಬರೆದ ಸಂಖ್ಯೆಗೆ ಹೋಲಿಸಬೇಡಿ. ಹೊಸದಾಗಿದ್ದಾಗ ನಿಜಕ್ಕೂ ಬಳಸಲು ಸಿಗುತ್ತಿದ್ದ ಸಾಮರ್ಥ್ಯಕ್ಕೆ ಹೋಲಿಸಿ. ಅದು 78 ಆಗಿದ್ದರೆ ಈಗ ಉಳಿದಿರುವುದು ಸುಮಾರು 90%. ಹಳೇ ಕಾರಿಗೆ ಅದು ಒಳ್ಳೆಯ ಲೆಕ್ಕವೇ. ಎಂಟನೇ ವರ್ಷದೊಳಗೆ 70%ಕ್ಕಿಂತ ಕೆಳಗೆ ಹೋದರೆ ಹಲವು ಕಂಪನಿಗಳ ವಾರಂಟಿ ಅನ್ವಯಿಸುತ್ತದೆ, ಆದರೆ ಹಳೆಯ ಮಾಡೆಲ್‌ಗಳಲ್ಲಿ ಈ ಷರತ್ತು ಇದೆಯೋ ಇಲ್ಲವೋ ಓದಿಯೇ ನೋಡಿ.

20% ಇರುವಾಗಲೇ ಇನ್ನೊಂದು ಪರೀಕ್ಷೆ ಮುಗಿಸಿ. ಕಾರು ನಿಲ್ಲಿಸಿ, ಓಬಿಡಿ ಡಾಂಗಲ್ (ಕಾರಿನ ಒಳಗಿನ ಮಾಹಿತಿಯನ್ನು ಫೋನಿಗೆ ಕಳಿಸುವ ಪುಟ್ಟ ಸಾಧನ) ಚುಚ್ಚಿ, ಬ್ಯಾಟರಿಯೊಳಗಿನ ಸೆಲ್‌ಗಳ ವೋಲ್ಟೇಜ್ ಓದಿ. ಟೆಸ್ಲಾ ಮಾಡೆಲ್ ಎಸ್‌ನ ಹಳೆಯ, 85 ಕಿಲೋವ್ಯಾಟ್ ಅವರ್ ಅಂತ ಮಾರುತ್ತಿದ್ದ ಬ್ಯಾಟರಿಯಲ್ಲಿ 7,104 ಸೆಲ್‌ಗಳಿವೆ, 74ರ ಗುಂಪಿನಂತೆ 96 ಗುಂಪು ಸಾಲಾಗಿ ಜೋಡಿಸಿದ್ದಾರೆ. ನಡೆಯುವಾಗ ಹಿಂದೆ ಬಿದ್ದ ಒಬ್ಬನಿಗಾಗಿ ಎಲ್ಲರೂ ನಿಲ್ಲುವ ಹಾಗೆ, ಒಂದು ಗುಂಪು ಸೋತರೆ ಇಡೀ ಬ್ಯಾಟರಿ ನಿಲ್ಲುತ್ತದೆ. ಚಾರ್ಜ್ ತುಂಬಿದ್ದಾಗ ಈ ದೌರ್ಬಲ್ಯ ಅಡಗಿರುತ್ತದೆ, ಕಡಿಮೆ ಆದಾಗ ಎದ್ದು ಕಾಣುತ್ತದೆ. ನಿಂತ ಕಾರಿನಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜ್ ನಡುವಿನ ಅಂತರ 50 ಮಿಲಿವೋಲ್ಟ್ ದಾಟಿದ್ದರೆ ನಾನಾದರೆ ಕೀ ವಾಪಸ್ ಕೊಟ್ಟು ಬರುತ್ತೇನೆ. ಆಕ್ಸಿಲರೇಟರ್ ಒತ್ತಿರುವಾಗ ಓದಿದ ಅಂತರವನ್ನು ಈ ಮಿತಿಗೆ ಹೋಲಿಸಬೇಡಿ. ತೀರಾ ಅಗ್ಗದ ಡಾಂಗಲ್ ಕೊಳ್ಳಬೇಡಿ, ತಪ್ಪು ಓದುತ್ತವೆ. ಕೆಲಸ ಆದ ಮೇಲೆ ಕಿತ್ತಿಡಿ, ಇಲ್ಲದಿದ್ದರೆ 12 ವೋಲ್ಟ್ ಬ್ಯಾಟರಿಯನ್ನು ಹೀರುತ್ತಲೇ ಇರುತ್ತದೆ.

“ಬ್ಯಾಟರಿ ಈಗಷ್ಟೇ ರಿಪೇರಿ ಆಗಿದೆ, ಭಯ ಬೇಡ” ಅಂದರೆ ಯಾರು ಮಾಡಿದ್ದು ಅಂತ ಕೇಳಿ. ಕೆಟ್ಟ ಒಂದು ಮಾಡ್ಯೂಲ್ (ಸೆಲ್‌ಗಳ ಒಂದು ಕಟ್ಟು) ತೆಗೆದು ಬೇರೆ ಕಾರಿನದನ್ನು ಹಾಕಿರಬಹುದು. ಆಗ ಹಾಕಿದ್ದೂ ಮೊದಲೇ ಇದ್ದದ್ದೂ ಒಂದೇ ಸಮ ಇಳಿಯುವುದಿಲ್ಲ. ಕೆಲವು ತಿಂಗಳಲ್ಲಿ ಬ್ಯಾಟರಿ ಕೆಟ್ಟಿದೆ ಅನ್ನುವ ಎಚ್ಚರಿಕೆ ಸ್ಕ್ರೀನ್ ಮೇಲೆ ಮತ್ತೆ ಬರುವ ಸಂಭವ ಜಾಸ್ತಿ.

ಅಲ್ಲಿಂದ ನೇರ ಫಾಸ್ಟ್ ಚಾರ್ಜರ್‌ಗೆ ಹೋಗಿ, ಆಮೇಲೆ ಮನೆಯಲ್ಲಿ ಹಾಕುವಂಥ ನಿಧಾನದ ಚಾರ್ಜರ್‌ಗೂ ಹಾಕಿ. ಎರಡೂ ಬೇಕೇ ಬೇಕು. ಮನೆಯ ಕರೆಂಟನ್ನು ಬ್ಯಾಟರಿಗೆ ಹೊಂದಿಸುವುದು ಕಾರಿನೊಳಗಿನ ಚಾರ್ಜರ್, ಫಾಸ್ಟ್ ಚಾರ್ಜಿಂಗ್ ಅದನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಅಲ್ಲಿ ಸರಾಗವಾಗಿ ಚಾರ್ಜ್ ಆದ ಕಾರು ಮನೆಗೆ ಬಂದು ಸುಮ್ಮನೆ ನಿಲ್ಲಬಹುದು.

ಉಳಿದದ್ದು ಬೇಗ ಆಗುತ್ತದೆ. ರಾತ್ರಿಯಿಡೀ ನಿಲ್ಲಿಸಿ ಅಂದದ್ದಕ್ಕೆ ಇನ್ನೊಂದು ಕಾರಣವಿದೆ: ಏರ್ ಸಸ್ಪೆನ್ಷನ್‌ನಲ್ಲಿ (ಸ್ಪ್ರಿಂಗ್ ಬದಲು ಗಾಳಿಚೀಲದ ಮೇಲೆ ಕಾರು ಕೂರುವ ವ್ಯವಸ್ಥೆ) ಗಾಳಿ ಸೋರುತ್ತಿದ್ದರೆ ಬೆಳಿಗ್ಗೆ ಒಂದು ಮೂಲೆ ಕುಸಿದಿರುತ್ತದೆ. ಓಡಿಸುತ್ತಿದ್ದಂತೆ ಅದು ಎದ್ದು ನಿಲ್ಲುತ್ತದೆ, ಆಮೇಲೆ ಕಾಣುವುದಿಲ್ಲ. ಜೋರಾಗಿ ಎಳೆದಾಗ ನಡುಕ ಬಂದರೆ ಮೋಟಾರಿನಿಂದ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಕಡೆ ಅನುಮಾನ ಪಡಿ. ಹಳೆಯ ಮಾಡೆಲ್ ಎಸ್‌ನ ದೊಡ್ಡ ಹಿಂದಿನ ಮೋಟಾರಿನಲ್ಲಿ ಸೀಲ್ ಸವೆದು, ತಣ್ಣಗಿಡುವ ದ್ರವವಾದ ಕೂಲಂಟ್ ಮೋಟಾರಿನ ಒಳಗೇ ಇಳಿಯುವುದುಂಟು. ಮೆಕ್ಯಾನಿಕ್ ಸ್ಪೀಡ್ ಸೆನ್ಸರ್ ಬಿಚ್ಚಿ ನೋಡಲಿ. ಒದ್ದೆಯಾಗಿದ್ದರೆ ಕಾರು ಬಿಟ್ಟುಬಿಡಿ. 2018ರ ಆರಂಭದವರೆಗಿನ ಮಾಡೆಲ್ ಎಸ್‌ಗಳಲ್ಲಿ ಸ್ಕ್ರೀನ್‌ನ 8 ಜಿಬಿ ಮೆಮೊರಿ ಚಿಪ್ ಸವೆದು ಸ್ಕ್ರೀನ್ ಸಾಯುತ್ತಿತ್ತು. ಹಿಂಬದಿ ಕ್ಯಾಮೆರಾ ಕೂಡ ಅದರ ಜೊತೆ ಹೋಗುತ್ತಿತ್ತು. 2021ರಲ್ಲಿ ಅಮೆರಿಕದಲ್ಲಿ ಇದಕ್ಕಾಗಿ ಸುಮಾರು 1,35,000 ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳನ್ನು ವಾಪಸ್ ಕರೆಸಿದರು. ಆ ಚಿಪ್ ಬದಲಾಗಿದೆಯಾ ಅಂತ ಕೇಳಿ.

ಬಾಗಿಲಿನ ಹಿಡಿಗಳನ್ನು ಒಂದೊಂದಾಗಿ ಹತ್ತು ಸಲ ಎಳೆದು, ಬಾಗಿಲು ತೆರೆದು ಮುಚ್ಚಿ ನೋಡಿ. ನನ್ನ ಗೆಳೆಯನೊಬ್ಬನ ಕಾರಿನಲ್ಲಿ ಒಳಗೆ ಮಡಚಿಕೊಳ್ಳುವ ಹಿಡಿ ಇತ್ತು. ಮಳೆಯಲ್ಲಿ ನಾವಿಬ್ಬರೂ ನಿಂತಿದ್ದೇವೆ, ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತಿದೆ, ಹಿಡಿ ಮಾತ್ರ ಹೊರಗೆ ಬರುತ್ತಿಲ್ಲ. ಕೊನೆಗೆ ಅವನು ಆಚೆ ಬಾಗಿಲಿನಿಂದ ತೂರಿ, ನಡುವಿನ ಕನ್ಸೋಲ್ ದಾಟಿ ಸ್ಟೀರಿಂಗ್ ಮುಂದೆ ಕೂತ. ಕೆಟ್ಟಿದ್ದು ಉಗುರಿನಷ್ಟು ದೊಡ್ಡ ಸ್ವಿಚ್, ಬದಲಿಸಬೇಕಾಗಿ ಬಂದದ್ದು ಇಡೀ ಹಿಡಿ.

ಇನ್ನು ಖರ್ಚು. ಕರೆಂಟಿನದು ದೊಡ್ಡದಲ್ಲ, ಟೈರಿನದು ದೊಡ್ಡದು. ಎರಡು ಟನ್ ದಾಟುವ ಕಾರು, ಜೊತೆಗೆ ನಿಂತಲ್ಲಿಂದಲೇ ಬರುವ ಪೂರ್ತಿ ಎಳೆತ. ಟೈರನ್ನು ಹೊರಗಿನಿಂದ ನೋಡಿದರೆ ಸಾಲದು, ಕೈ ಹಿಂದೆ ಹಾಕಿ ಒಳ ಅಂಚನ್ನು ಸವರಿ. ಹೊರಗೆ ಹೊಸದರಂತಿದ್ದ ಒಂದು ಟೈರಿನ ಒಳಗಡೆ ನನ್ನ ಬೆರಳಿಗೆ ತಂತಿಯೇ ತಗುಲಿತ್ತು. ವೇಗ ಇಳಿಸುವ ಕೆಲಸ ಹೆಚ್ಚಾಗಿ ಮೋಟಾರೇ ಮಾಡುವುದರಿಂದ ಬ್ರೇಕ್ ಪ್ಯಾಡ್ ಬೇಗ ಸವೆಯುವುದಿಲ್ಲ ನಿಜ, ಆದರೆ ಬಳಕೆ ಕಡಿಮೆಯಾಗಿ ಡಿಸ್ಕ್ ತುಕ್ಕು ಹಿಡಿಯುತ್ತದೆ. ಎಸಿ ಕೆಟ್ಟರೆ ಮುಂದೂಡಬೇಡಿ, ಎಷ್ಟೋ ಕಾರುಗಳಲ್ಲಿ ಬ್ಯಾಟರಿಯನ್ನು ತಣ್ಣಗಿಡುವುದೂ ಅದೇ ಕಂಪ್ರೆಸರ್. ವಿಮೆಯ ಕಂತನ್ನು ಕೊಳ್ಳುವ ಮೊದಲೇ ವಿಚಾರಿಸಿ. ಕಾರಿನ ಬೆಲೆಯ ಹತ್ತನೇ ಒಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆ ಎತ್ತಿಡಿ. ಅಷ್ಟು ಉಳಿಯುವುದಿಲ್ಲ ಅಂತಾದರೆ ಇನ್ನೂ ಚಿಕ್ಕ ಕಾರು ನೋಡಿ.

ಪಂಕ್ಚರ್ ಅಂಗಡಿಯಲ್ಲಿ ಜಾಕ್ ಇಡುವಾಗ ಪಕ್ಕದಲ್ಲೇ ನಿಂತಿರಿ. ಕಾರಿನ ತಳದಲ್ಲಿ ಹರಡಿರುವುದೇ ಬ್ಯಾಟರಿ, ಗುರುತಿಸಿದ ನಾಲ್ಕು ಜಾಗ ಬಿಟ್ಟು ಬೇರೆಲ್ಲಿ ಎತ್ತಿದರೂ ಅದು ಜಜ್ಜಿಹೋಗಬಹುದು. ಮತ್ತೆ 12 ವೋಲ್ಟ್ ಬ್ಯಾಟರಿ ಹಳೆಯದಾಗಿದ್ದರೆ ಕೊಂಡ ವಾರದಲ್ಲೇ ಬದಲಿಸಿ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರವಾಗುವುದಿಲ್ಲ.