ದಾರ ಮತ್ತು ನಟ್ಟಿನಿಂದ ಆವೃತ್ತಿಯನ್ನು ಅಳೆಯುವ ವಿಧಾನ

ಒಂದು ಚಲನೆಯು ಸೆಕೆಂಡಿಗೆ ಎಷ್ಟು ಬಾರಿ ಮರುಕಳಿಸುತ್ತದೆ ಎಂಬುದೇ ಅದರ ಆವೃತ್ತಿ. ಇದರ ಏಕಮಾನ ಹರ್ಟ್ಸ್. ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಒಮ್ಮೆ ಕೈಯಾರೆ ಅಳೆದು ನೋಡುವುದು ಎಷ್ಟೋ ಮೇಲು.

ಹಿಗ್ಗದ ದಾರದ ತುದಿಗೆ ಕಬ್ಬಿಣದ ನಟ್ಟೊಂದನ್ನು ಕಟ್ಟಿ, ಮೊಳೆಯಿಂದ ನಟ್ಟಿನ ಮಧ್ಯಭಾಗದವರೆಗೆ ಸರಿಯಾಗಿ 1 ಮೀಟರ್ ಇರುವಂತೆ ತೂಗುಹಾಕಿ. ನಟ್ಟನ್ನು ನಾಲ್ಕು ಬೆರಳಿನಷ್ಟು ಮಾತ್ರ ಪಕ್ಕಕ್ಕೆ ಎಳೆದು, ತಳ್ಳದೆ ಬಿಡಿ. ಅದು ಅತ್ಯಂತ ಕೆಳಗಿನ ಬಿಂದುವನ್ನು ದಾಟುವಾಗ ‘ಸೊನ್ನೆ’ ಎಂದು ಸ್ಟಾಪ್‌ವಾಚ್ ಒತ್ತಿ, ಅದೇ ದಿಕ್ಕಿನಲ್ಲಿ ಮರಳಿ ದಾಟಿದಾಗಲೆಲ್ಲ ಒಂದೊಂದಾಗಿ ಎಣಿಸುತ್ತ 20ಕ್ಕೆ ನಿಲ್ಲಿಸಿ. ‘ಒಂದು’ ಎಂದು ಆರಂಭಿಸಿದರೆ ಒಂದು ಆಂದೋಲನದ ಲೆಕ್ಕವೇ ತಪ್ಪುತ್ತದೆ. ಸುಮಾರು 40 ಸೆಕೆಂಡು ಹಿಡಿಯುತ್ತದೆ. 20ನ್ನು 40ರಿಂದ ಭಾಗಿಸಿದರೆ ಆವೃತ್ತಿ 0.5 ಹರ್ಟ್ಸ್. ಒಂದೇ ಆಂದೋಲನವನ್ನು ಅಳೆದರೆ ಬೆರಳು ಒತ್ತುವಲ್ಲಿನ ವಿಳಂಬವೇ ಫಲಿತಾಂಶವನ್ನು ಕೆಡಿಸೀತು. 20ರಲ್ಲಿ ಅದು ಹಂಚಿಹೋಗುತ್ತದೆ.

ಈಗ ದಾರವನ್ನು 25 ಸೆಂಟಿಮೀಟರಿಗೆ ಇಳಿಸಿ. ಆವೃತ್ತಿಯು ಉದ್ದದ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿರುವುದರಿಂದ, ಉದ್ದ ಕಾಲುಭಾಗವಾದಾಗ ಆವೃತ್ತಿ ಇಮ್ಮಡಿಯಾಗಿ 1 ಹರ್ಟ್ಸ್ ಆಗುತ್ತದೆ. ಇನ್ನಷ್ಟು ಭಾರದ ನಟ್ಟು ಕಟ್ಟಿದರೂ ಅದು ಬದಲಾಗದಿರುವುದು ನಿಜಕ್ಕೂ ಸೋಜಿಗದ ಸಂಗತಿ.

ನಾಡಿಬಡಿತಕ್ಕೂ ಇದೇ ಲೆಕ್ಕ: 30 ಸೆಕೆಂಡಿನಲ್ಲಿ 36 ಬಡಿತಗಳು ಸಿಕ್ಕರೆ ಆವೃತ್ತಿ 1.2 ಹರ್ಟ್ಸ್. ಆದರೆ ಮನೆಗೆ ಬರುವ 50 ಹರ್ಟ್ಸ್ ವಿದ್ಯುತ್ತನ್ನು ಹೀಗೆ ಎಣಿಸಲಾಗದು. ಅದಕ್ಕೆ ಆವೃತ್ತಿಮಾಪಕವೇ ಬೇಕು.